ನಿಮ್ಮ ಗೆಳೆಯನ ಕಿಟಕಿ

ರೀ,

ಅಮ್ಮನನ್ನು ಕರೆದುಕೊಂಡು ಅಕ್ಕನ ಮನೆಗೆ ಹೊರಟಿದ್ದೇನೆ.

ಹಾರ್ಬಿನ್ನಿನ ಚಳಿಗೆ ಮೂರು ಪದರ ಗಾಜಿನ ಕಿಟಕಿಯೇ ಬೇಕು ಅಂತ ಬಾಯಿ ಬಡಿದುಕೊಂಡೆ. ನೀವು ಗೆಳೆಯ ಛು ಅವರ ಅಂಗಡಿಯಿಂದ ತಂದು, "ಮೂರೇ ಗಾಜು ಕಣೇ, ಅವನು ನನಗೆ ಸುಳ್ಳು ಹೇಳ್ತಾನಾ?" ಅಂದಿರಿ. ಕೊಳ್ಳುವ ಮೊದಲು ಗಾಜಿನ ಮುಂದೆ ಲೈಟರ್ ಹಚ್ಚಿ ನೋಡಬೇಕು ಅಂತ ನಮ್ಮ ಬೀದಿಯ ಮಕ್ಕಳಿಗೂ ಗೊತ್ತು. ಗೆಳೆಯನ ಮುಂದೆ ಹಚ್ಚೋಕೆ ನಿಮಗೆ ಮಾತ್ರ ಸಂಕೋಚ. ಬೆಳಿಗ್ಗೆ ನಾನೇ ಹಚ್ಚಿದೆ. ಒಂದೊಂದು ಗಾಜಿನಲ್ಲೂ ಜ್ವಾಲೆಯ ಎರಡು ಪ್ರತಿಬಿಂಬ ಮೂಡುತ್ತವೆ, ಮೂರು ಗಾಜಿದ್ದರೆ ಆರು ಕಾಣಬೇಕು. ಕಂಡದ್ದು ನಾಲ್ಕೇ.

ಊಟಕ್ಕೆ ಕಡುಬು ಮಾಡಿಟ್ಟಿದ್ದೇನೆ, ಅಮ್ಮನ ಕೋಣೆಯಲ್ಲಿ, ಕಿಟಕಿಯ ಒಳಗಟ್ಟೆಯ ಮೇಲೆ. ಫ್ರಿಜ್ಜೇ ಬೇಕಾಗಲಿಲ್ಲ, ಅಲ್ಲೇ ಕಲ್ಲಾಗಿವೆ. ಸಂಜೆ ಛು ಬರ್ತಾರಲ್ಲ, ಆ ಕಿಟಕಿಗೇ ಬೆನ್ನು ಕೊಟ್ಟು ಕೂರಿಸಿ. ನಿಮ್ಮ ಮಂಚವನ್ನೂ ಅದರ ಕೆಳಗೇ ಎಳೆದು ಹಾಕಿದ್ದೇನೆ. ದಪ್ಪ ರಜಾಯಿ ನನ್ನ ಜೊತೆ ಬರುತ್ತಿದೆ. ಕಿಟಕಿ ಬದಲಾಗುವವರೆಗೆ ನಾವು ಬರುವುದಿಲ್ಲ.

ಗಡಗಡ ನಡುಗುತ್ತಿದ್ದ ಅಮ್ಮನಿಗೆ ಏನಂದಿರಿ, ನೆನಪಿದೆಯಾ? "ಇನ್ನೊಂದು ಸ್ವೆಟರ್ ಹಾಕ್ಕೊಳ್ಳಿ ಅತ್ತೆ." ನೀವೂ ಹಾಕ್ಕೊಳ್ಳಿ. ಇರೋ ಬರೋ ಸ್ವೆಟರನ್ನೆಲ್ಲ ಒಗೆದು ಹೊರಗೆ ಬಾಲ್ಕನಿಯಲ್ಲಿ ಹರವಿದ್ದೇನೆ. ಒಳಗೆ ತರುವಾಗ ಹುಷಾರು, ಬಗ್ಗಿಸಿದರೆ ಮುರಿಯುತ್ತವೆ.

ಯುನ್‌ಷಿಯಾ