ಪ್ಯೋ ಇನ್‌ಸುಕ್ ಗಂಟಲಲ್ಲಿ ನೀನು

ಅಮ್ಮ,

ನಿನ್ನೆ ಮಧ್ಯಾಹ್ನ ಚುಂಗ್‌ಮುರೊದ ಹಳೆಯ ಚಿತ್ರಮಂದಿರಕ್ಕೆ ಹೋಗಿದ್ದೆ. ನಟಿ ಪ್ಯೋ ಇನ್‌ಸುಕ್ ಬಣ್ಣ ಹಚ್ಚಿ ಐವತ್ತೈದು ವರ್ಷವಾಯಿತೆಂದು ಅವರ ಮೊದಲ ಸಿನಿಮಾ ಹಾಕಿದ್ದರು. ಟೀವಿಯಲ್ಲಿ ಅವರ ಮುಖ ಕಂಡೊಡನೆ ನೀನು ‘ನನ್ನ ಅನ್ನ ಕಿತ್ಕೊಂಡವಳು’ ಎನ್ನುತ್ತಿದ್ದೆ, ನಾನು ಓಡಿಹೋಗಿ ಆರಿಸುತ್ತಿದ್ದೆ. ನಿನ್ನೆ ಹೋದದ್ದು ಆ ಸಿನಿಮಾದಲ್ಲಿ ಅವರ ಪಾತ್ರಕ್ಕೆ ನೀನು ಮಾಡಿದ ಕಂಠದಾನ ಕೇಳಲಿಕ್ಕೆ. ನೀನು ತೀರಿಕೊಂಡ ಮೇಲೆ ನಿನ್ನ ದನಿ ನನ್ನ ಬಳಿ ಬೇರೆಲ್ಲೂ ಉಳಿದಿಲ್ಲ.

ಸಿನಿಮಾ ಮುಗಿದ ಮೇಲೆ ನಿರೂಪಕ ಆ ದನಿಯನ್ನು ಹೊಗಳಿದ. ವೇದಿಕೆಯ ಮೇಲಿದ್ದ ಪ್ಯೋ ಇನ್‌ಸುಕ್ ನಕ್ಕುಬಿಟ್ಟರು.

‘ಅಯ್ಯೋ, ಅದು ನಂದಲ್ಲಪ್ಪ! ನಂದು ಕಾಗೆ ಕಂಠ. “ನೀನು ಬಾಯಾಡಿಸು ಸಾಕು” ಅಂತಿದ್ರು ಡೈರೆಕ್ಟ್ರು. ಮಾತೆಲ್ಲ ಓಕ್‌ಬುನ್ ಅಕ್ಕಂದು. ಟೀವಿಗೆ ಬಂದಾಗ ನಾನೇ ಮಾತಾಡ್ಬೇಕಾಯ್ತು ನೋಡಿ, ಜೀವ ಬಾಯಿಗ್ ಬಂತು. ನನ್ ಸಿನಿಮಾಗೆ ನಾನೇ ಟಿಕೆಟ್ ತಗೊಂಡು, ಕಣ್ಮುಚ್ಕೊಂಡು ಕೂತು ಕಲ್ತೆ. ಇವತ್ತಿಗೂ ನಾನಾಡೋದು ಅಕ್ಕನ ಹಾಗೇನೇ.’

ಎಲ್ಲರೂ ನಕ್ಕರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆಯ ಮೇಲೆ ಕೇಳಿದ್ದು ನಾನು ಹುಟ್ಟುವ ಮೊದಲಿನ ನಿನ್ನ ದನಿ, ನನಗೆ ಯಾರೋ ಹುಡುಗಿಯದು. ಎದುರಿಗಿದ್ದ ಈ ಮುದುಕಿಯದು ನಿನ್ನ ಕೊನೆಯ ವರ್ಷಗಳ ದನಿ. ನಿನ್ನ ಕೆಲಸ ಹೋದ ಮೇಲೂ ಅದು ನಲವತ್ತು ವರ್ಷ ಇನ್ನೊಬ್ಬರ ಗಂಟಲಲ್ಲಿ ದುಡಿದು, ಅಲ್ಲಿಯೇ ಮುಪ್ಪಾಗಿತ್ತು. ನಾನು ಟೀವಿ ಆರಿಸದೆ ಇದ್ದಿದ್ದರೆ ನೀನೇ ಕೇಳಿರುತ್ತಿದ್ದೆ.

ಬಾಗಿಲ ಬಳಿ ಕಾದು ನಿಂತು, ಓಕ್‌ಬುನ್ ಮಗಳು ಎಂದು ಹೇಳಿ ತಲೆಬಾಗಿದೆ. ಅವರು ನನ್ನ ಎರಡೂ ಕೈ ಹಿಡಿದು, ‘ಊಟ ಆಯ್ತೇನೇ ಮಗಳೇ?’ ಎಂದರು.

ನೀನು ಫೋನಿನಲ್ಲಿ ಹೀಗೆ ಕೇಳಿದಾಗಲೆಲ್ಲ ನಾನು ‘ಆಯ್ತು’ ಎಂದು ಇಟ್ಟುಬಿಡುತ್ತಿದ್ದೆ. ನಿನ್ನೆಯೂ ಊಟ ಮಾಡಿಯೇ ಹೋಗಿದ್ದೆ. ಆದರೂ ‘ಇಲ್ಲ’ ಎಂದೆ.