ನಮ್ಮ ಹಿತ್ತಲದ ಕುಂಬಳಕಾಯಿ

ಹರಪನಹಳ್ಳಿ
ಸೋಮವಾರ

ಪ್ರೀತಿಯ ಅಪ್ಪಗ, ನಿನ್ನ ಎಸ್ತೇರಳ ವಂದನೆ.

ಫೋನಿನಾಗ ನಿನಗ ಸರಿಯಾಗಿ ಕೇಳಂಗಿಲ್ಲ, ಅದಕ್ಕ ಬರಿಯಾಕತ್ತೀನಿ.

ನಿನ್ನೆ ನಮ್ಮ ಚರ್ಚಿನಾಗ ಸುಗ್ಗಿ ಹಬ್ಬ. ಮಂದಿ ತಂದ ಕಾಣಿಕಿ ಎಲ್ಲಾ ಹರಾಜಿಗಿಟ್ಟರು. ನಿನ್ನ ಮೊಮ್ಮಗಳು ಕರುಣಾ ತಾನೇ ಬಡಿದ ಮೊದಲನೇ ರೊಟ್ಟಿ ಇಟ್ಟಿದ್ದಳು. ಅರ್ಧ ಸುಟ್ಟಿತ್ತು. ಯಾರೂ ಸವಾಲು ಕೂಗಲಿಲ್ಲ. ಅವಳು ತಲಿ ತಗ್ಗಿಸಿದ್ದು ನೋಡಿ ನನ್ನ ಕೈ ತಾನೇ ಮ್ಯಾಲೆ ಹೋತು, ರೊಟ್ಟಿ ನಾನೇ ತಗೊಂಡೆ.

ಆಗ ನೀನು ನೆನಪಾದಿ. ಸಣ್ಣಾಕಿದ್ದಾಗ ನಾನು ಕಾನಹೊಸಹಳ್ಳಿ ಚರ್ಚಿಗೆ ಹುಳ ಹಿಡಿದ ಕುಂಬಳಕಾಯಿ ಒಯ್ದಿದ್ದೆ. ನೀನೇ ಕೂಗಿ ತಗೊಂಡಿ. ತನ್ನ ಹಿತ್ತಲದ ಕಾಯಿ ತಾನೇ ಕೊಂಡ ಅಂತ ಮಂದಿ ನಕ್ಕರು. ನಾಚಿಕಿಗೆ ನಾನು ವಾರಗಟ್ಟಲೆ ನಿನ್ನ ಕೂಡ ಮಾತಾಡಲಿಲ್ಲ. ನೀನು ಬೈಲಿಲ್ಲ. ಹುಳ ತೆಗೆದು ಅದರ ಪಲ್ಯಾನೇ ದಿನಾ ಉಂಡಿ.

ದೇವರು ತಾನು ಮಾಡಿದ ನಮ್ಮನ್ನ ತಾನೇ ಕೊಂಡುಕೊಂಡ ಅಂತ ಚರ್ಚಿನ ಅಯ್ಯನೋರು ಎಷ್ಟು ಸಲ ಹೇಳಿದ್ರೂ ನನಗ ತಿಳಿದಿರಲಿಲ್ಲ. ನಿನ್ನೆ ತಿಳೀತು, ಅಪ್ಪಾ.

ಕುಂಬಳದ ಬೀಜ ಇದ್ರ ಕಳಿಸು, ಕರುಣಾ ಹಾಕ್ತಾಳಂತ. ಚೊಲೋ ಇದ್ದ ಅರ್ಧ ರೊಟ್ಟಿ ಅಜ್ಜಗ ಅಂತ ಈ ಪತ್ರದ ಜೋಡಿ ಅವಳೇ ಕಟ್ಟಿ ಕೊಟ್ಟಾಳ.

ಸುಟ್ಟ ಅರ್ಧ ನಾನು ತಿಂದೆ. ಒಂದು ಚೂರೂ ಬಿಡಲಿಲ್ಲ.

ನಿನ್ನ ಮಗಳು,
ಎಸ್ತೇರ