ಗುಡ್ಡದಲ್ಲಿ ಬಿಟ್ಟ ಹೆಸರು

ದರೋಜಿ
೧೩ ಫೆಬ್ರವರಿ ೨೦೨೪, ಮಂಗಳವಾರ

ಪ್ರೀತಿಯ ರಮಾ,

ಮೊದಲು ನನ್ನ ಅಕ್ಷರ ನೋಡಿ ಬೈಯಬೇಡ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕೈ ಕುಡುಗೋಲಿಗೆ ಒಗ್ಗಿದಷ್ಟು ಪೆನ್ನಿಗೆ ಒಗ್ಗಿಲ್ಲ. ಒತ್ತಕ್ಷರ ತಪ್ಪಿದ್ದರೆ ನೀನೇ ಸರಿ ಮಾಡಿಕೊಂಡು ಓದು. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಅತ್ತೆ ನೀಲಗಂಗಮ್ಮನವರು ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾರೆ, ನನಗೆ ಮಾತೇ ಹೊರಡುವುದಿಲ್ಲ. ಬಳೆ ಮಾರುವ ಜಂಬಪ್ಪ ಮಾವ ನಾಳೆ ಕಂಪ್ಲಿಗೆ ಬರುತ್ತಾನೆ. ಇದನ್ನು ನಿನ್ನ ಕೈಗೇ ಕೊಡು ಎಂದು ಹೇಳಿದ್ದೇನೆ.

ಮೊನ್ನೆ ಭಾನುವಾರ ನಿನ್ನ ಗಂಡ ಗಿರೀಶಣ್ಣ ಊರಿಗೆ ಬಂದಿದ್ದರು. ನಾನು ಆಗ ನಿಮ್ಮವ್ವನಿಗೆ ಜೋಳ ಹಸನು ಮಾಡಿಕೊಡುತ್ತಿದ್ದೆ. ಅವರು ಕಟ್ಟೆಯ ಮೇಲೆ ಕೂತು, ಕೊಟ್ಟ ಚಹಾ ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು. "ಅತ್ತಿ, ಎರಡು ತಿಂಗಳಾತು, ಕರೆದ್ರ ಓ ಅನ್ನಂಗಿಲ್ಲ. ಉಣ್ಣಾಕ ಕುಂತ್ರ ದಕ್ಷಿಣಕ್ಕ ಮುಖ ಮಾಡ್ತಾಳ, ನಿಮ್ಮ ಗುಡ್ಡದ ಕಡೆ. ಅದು ಯಮನ ದಿಕ್ಕು ಅಂತ ನಮ್ಮವ್ವ ಅಂಜ್ಯಾಳ. ಹೊಸಪೇಟಿ ಡಾಕ್ಟರು ರಕ್ತ ಕಮ್ಮಿ ಐತಿ ಅಂತ ಗುಳಿಗಿ ಕೊಟ್ರು. ಗುಳಿಗಿ ಮುಗದ್ವು, ಅಕಿ ಹಂಗ ಅದಾಳ" ಎಂದರು. ಶಿವರಾತ್ರಿಯವರೆಗೆ ನೋಡಿ, ಆಮೇಲೆ ನಿನ್ನನ್ನು ತವರಿಗೆ ಬಿಟ್ಟುಬರಬೇಕು ಎಂದು ಮನೆಯಲ್ಲಿ ಮಾತಾಗಿದೆಯಂತೆ. ಅವರಿಗೆ ಮನಸ್ಸಿಲ್ಲ. ನಿನಗೂ ಇಲ್ಲವಂತೆ. ನೀನು ಅವರ ಕೈ ಹಿಡಿದುಕೊಂಡು, "ನನ್ನ ಕಳಿಸಬ್ಯಾಡ್ರಿ, ಸ್ವಲ್ಪ ತಡೀರಿ, ಇನ್ನಾ ಬಂದಿಲ್ಲ" ಎಂದೆಯಂತೆ. ಯಾರು ಬಂದಿಲ್ಲ ಎಂದು ಕೇಳಿದರೆ, "ನಾನು" ಎಂದೆಯಂತೆ.

ನಿಮ್ಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಮೊರ ಕೈಜಾರಿ ಜೋಳ ಚೆಲ್ಲಿತು.

ಆ ಸಂಜೆಯೇ ಜಂಬವ್ವ ನಮ್ಮ ಮನೆಗೆ ಬಂದಳು. ಸೀತಾಫಲಕ್ಕೆ ಹೋಗುವ ನಮ್ಮ ಗುಂಪಿಗೆ ಮೊದಲಿನಿಂದಲೂ ಅವಳೇ ಹಿರಿಯಳು. ಇಳಿಯುವಾಗ ಎಲ್ಲರ ಹಿಂದೆ ಬರುವವಳು ಗುಡ್ಡಕ್ಕೆ ತಿರುಗಿ ಉಳಿದವರ ಹೆಸರು ಕೂಗಬೇಕು ಎಂದು ನಮಗೆಲ್ಲ ಕಲಿಸಿದವಳೂ ಅವಳೇ. "ರಮಾ ಗುಡ್ಡಕ್ಕ ಬಂದ ಕಡೀ ದಿವಸ ಹಿಂದ ಬಂದಾಕಿ ನೀನಲ್ಲೇನ? ಎಲ್ಲಾರ ಹೆಸರೂ ಕೂಗಿದ್ದಿಲ್ಲೋ?" ಎಂದು ಕೇಳಿದಳು. ಕೂಗಿದೆ ಎಂದೆ. "ನಿನ್ನ ದನಿ ನಿನ್ನ ಕಿವಿಗೇ ಕೇಳಂಗಿಲ್ಲ, ಗುಡ್ಡಕ್ಕ ಹೆಂಗ ಕೇಳೀತಲೇ ದುರ್ಗಿ" ಎಂದು ನಕ್ಕು ಹೋದಳು. ಬರೀ ದನಿ ಸಣ್ಣದಾಗಿದ್ದರೆ ನಾನೂ ನಗುತ್ತಿದ್ದೆ.

ರಮಾ, ನಾನು ನಿನ್ನ ಹೆಸರು ಕೂಗಲಿಲ್ಲ. ಮರೆತದ್ದಲ್ಲ.

ಆ ದಿನ ನಿನಗೆ ನೆನಪಿರಬೇಕು. ಗುಡ್ಡದಲ್ಲಿ ಕಣ್ಣು ಬಿಟ್ಟು ಬಲಿತ ಸೀತಾಫಲ ಮುಗಿಯುತ್ತ ಬಂದಿದ್ದವು, ಅರ್ಧ ಬುಟ್ಟಿಯೂ ತುಂಬಲಿಲ್ಲ. ಇಳಿಯುವಾಗ ಎಲ್ಲರೂ ನಿನ್ನ ಮದುವೆಯ ಮಾತೇ ಆಡುತ್ತಿದ್ದರು. "ನಾಳಿಂದ ಕಂಪ್ಲಿ ಅಕ್ಕಿ ಅನ್ನ ಉಣ್ಣಾಕಿ, ನಮ್ಮ ರೊಟ್ಟಿ ನೆನಪಿರ್ತದೇನ?" ಎಂದು ಪಂಪಮ್ಮ ಕಾಡುತ್ತಿದ್ದಳು. ಜೋಡು ಬಂಡೆಯ ಹತ್ತಿರ ನಾನು ಗುಡ್ಡದ ಕಡೆ ತಿರುಗಿ ನಿಂತೆ. "ಜಂಬವ್ವಾ, ಮನಿಗೆ ಬಾ" ಎಂದೆ, ಅವಳು "ಬಂದೀನಿ" ಎಂದಳು. ಪಂಪಮ್ಮನನ್ನು ಕರೆದೆ, ಉಳಿದಿಬ್ಬರನ್ನು ಕರೆದೆ. ನಿನ್ನ ಹೆಸರು ನಾಲಿಗೆಯ ಮೇಲೆ ಬಂತು. ಕರೆದರೆ ನೀನು ಇಳಿದು ಹೋಗುತ್ತಿ, ಹೋದರೆ ತಿರುಗಿ ಬರುವುದಿಲ್ಲ ಅನ್ನಿಸಿತು. ನುಂಗಿಬಿಟ್ಟೆ. ಹೆಸರು ಕರೆಯದಿದ್ದರೆ ಮೈ ಮಾತ್ರ ಮನೆಗೆ ಬರುತ್ತದೆ ಎಂದು ಚಿಕ್ಕವಳಿದ್ದಾಗಿನಿಂದ ಕೇಳಿದವಳು ನಾನು. ತಿಳಿದೇ ನುಂಗಿದೆ.

ನಗುತ್ತಿದ್ದವರಿಗೆ ಗೊತ್ತಾಗಲಿಲ್ಲ. ನೀನು ಮಾತ್ರ ಬುಟ್ಟಿ ಹೊತ್ತು ನಿಂತು ನನ್ನ ಮುಖ ನೋಡಿದೆ. ಆಮೇಲೆ ತಿರುಗಿ ನಡೆದೆ. ನಿನಗೆ ಗೊತ್ತಾಗಿತ್ತೇ? ಗೊತ್ತಾಗಿದ್ದರೆ ಯಾಕೆ ಸುಮ್ಮನಿದ್ದೆ?

ಊರಿನಲ್ಲಿ ನನ್ನ ಪಾಡು ನಿನಗೆ ಗೊತ್ತು. ನಾಲ್ಕು ಜನ ಕೂತಲ್ಲಿ ಹೋದರೆ ನನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ. ಎಲ್ಲರೂ ನಕ್ಕು ಮುಗಿಸಿದ ಮೇಲೆ ನನಗೆ ನಗು ಬರುತ್ತದೆ. ಗುಡ್ಡದಲ್ಲಿ ಹಾಗಲ್ಲ. ಯಾವ ಗಿಡದ ಬುಡದಲ್ಲಿ ಕರಡಿ ಹುತ್ತ ಕೆದರಿದೆ, ಯಾವ ಬಂಡೆ ಮಧ್ಯಾಹ್ನವೂ ತಂಪಾಗಿರುತ್ತದೆ ಎಂದು ಕೇಳಿದರೆ ಥಟ್ಟನೆ ಹೇಳುತ್ತೇನೆ. ಅಲ್ಲಿ ನೀನೊಬ್ಬಳೇ ನನ್ನನ್ನು ಕೇಳುತ್ತಿದ್ದೆ. ನನ್ನ ಪಾಲಿಗೆ ಊರು ಎಂದರೆ ಅಷ್ಟೇ, ಗುಡ್ಡ ಮತ್ತು ನೀನು.

ಇನ್ನೊಂದು ಮಾತು ಹೇಳಬೇಕು. ನೀನು ಹೋದ ಮೇಲೆ ಒಬ್ಬಳೇ ಕಟ್ಟಿಗೆಗೆ ಹೋಗುತ್ತಿದ್ದೆ. ಮೂರನೇ ದಿನ, ನಾನು ಕಟ್ಟಿಗೆ ಮುರಿದರೆ ಆಚೆ ಪೊದೆಯಲ್ಲೂ ಕಟ್ಟಿಗೆ ಮುರಿದ ಸದ್ದಾಯಿತು. ನಾನು ಕೂತರೆ ಬುಟ್ಟಿ ಇಳಿಸಿದ ಸದ್ದು. ಹಳೆಯ ಹಾಡಿನ ಅರ್ಧ ಹಾಡಿ ನಿಲ್ಲಿಸಿದೆ. ಗಾಳಿ ಇರಲಿಲ್ಲ, ಆದರೂ ಎದುರಿನ ಗಿಡ ತಲೆದೂಗಿತು. ನನಗೆ ಹೆದರಿಕೆಯಾಗಲಿಲ್ಲ ರಮಾ, ಖುಷಿಯಾಯಿತು. ಅಂದಿನಿಂದ ದಿನವೂ ರೊಟ್ಟಿಯ ಅರ್ಧ ಬಂಡೆಯ ಮೇಲೆ ಇಟ್ಟು ಬರುತ್ತಿದ್ದೆ. ಮರುದಿನ ಇರುತ್ತಿರಲಿಲ್ಲ. ಇರುವೆ ತಿಂದಿರಬಹುದು, ಕರಡಿ ತಿಂದಿರಬಹುದು. ನೀನು ತಿಂದೆ ಎಂದುಕೊಂಡೆ. ದಿನದ ಸುದ್ದಿಯನ್ನೆಲ್ಲ ಹೇಳುತ್ತಿದ್ದೆ. ಅಲ್ಲಿ ನೀನು ಗಂಡನ ಜೊತೆ ಕೂತು ಉಣ್ಣಲಾಗದೆ ಗೋಡೆ ನೋಡುತ್ತಿದ್ದರೆ, ಇಲ್ಲಿ ನಾನು ನಿನ್ನನ್ನು ಇಟ್ಟುಕೊಂಡು ಮಾತಾಡುತ್ತಿದ್ದೆ.

ಡಾಕ್ಟರು ಹೇಳಿದಂತೆ ರಕ್ತ ಕಮ್ಮಿ ಇರುವುದೂ ನಿಜವಿರಬಹುದು, ಮತ್ತೆ ಗುಳಿಗೆ ತರಿಸಿಕೋ. ಡಾಕ್ಟರಿಗೆ ತಿಳಿದದ್ದು ನನಗೆ ತಿಳಿಯುವುದಿಲ್ಲ. ಆದರೆ ನಾನು ಮಾಡಿದ್ದು ನನಗೆ ತಿಳಿದಿದೆ. ನಾಳೆ ಗುಡ್ಡಕ್ಕೆ ಹೋಗಿ ನಿನ್ನ ಹೆಸರು ಕೂಗುತ್ತೇನೆ. ನೀನು ನಿನ್ನ ಮನೆ ಸೇರಿಕೋ. ಅಡುಗೆ ಮನೆಯಲ್ಲಿ ಕೂತು ಅತ್ತೆಯ ಮೇಲೆ ಒಂದಿಷ್ಟು ಸಿಟ್ಟು ಮಾಡು, ಗಿರೀಶಣ್ಣನ ಹತ್ತಿರ ಜಗಳವಾಡು. ಮನೆಗೆ ಪೂರ್ತಿ ಬಂದವರು ಹಾಗೆಯೇ ಇರುತ್ತಾರೆ.

ನನ್ನನ್ನು ಕ್ಷಮಿಸು ಎಂದು ಬರೆಯಲು ಮೂರು ಸಲ ಪೆನ್ನು ಎತ್ತಿದೆ. ನಿನಗೆ ಆಗದಿದ್ದರೆ ಬೇಡ.

ಇಂತಿ ನಿನ್ನ,
ದುರ್ಗಾ

ಮರೆತದ್ದು: ನಾಳೆ ಹೋಗುತ್ತೇನೆ ಎಂದು ಮೇಲೆ ಬರೆದದ್ದು ಸುಳ್ಳು. ಹೋಗಿ ಬಂದೆ ಎಂದರೆ ಅಲ್ಲಿ ಏನಾಯಿತೆಂದೂ ಹೇಳಬೇಕಾಗುತ್ತಿತ್ತು, ಅದಕ್ಕೇ ಹಾಗೆ ಬರೆದೆ. ಇವತ್ತು ಬೆಳಿಗ್ಗೆಯೇ ಹೋಗಿ ಬಂದೆ. ಮೊದಲ ಸಲ ದನಿ ಬರಲಿಲ್ಲ. ಎರಡನೇ ಸಲ ಎಷ್ಟು ಜೋರಾಗಿ ಕೂಗಿದೆನೆಂದರೆ ನವಿಲುಗಳು ಎದ್ದು ಹಾರಿದವು. ಆಮೇಲೆ ಆಚೆ ಪೊದೆ ಸುಮ್ಮನಾಯಿತು, ಬರೀ ಪೊದೆಯಾಯಿತು. ನಾನು ಇಳಿದು ಬಂದೆ. ಆದರೆ ತನ್ನ ಹೆಸರನ್ನು ತಾನೇ ಕೂಗುವಂತಿಲ್ಲ, ಕೊನೆಯವಳನ್ನು ಮುಂದೆ ಇಳಿದವರು ಕರೆಯಬೇಕು. ಇಷ್ಟು ದಿನ ಗುಡ್ಡದಲ್ಲಿ ನೀನಾದರೂ ಇದ್ದೆ, ಇವತ್ತು ನನ್ನನ್ನು ಕರೆಯಲು ಯಾರೂ ಇರಲಿಲ್ಲ. ಈಗ ಅವ್ವ ನನ್ನನ್ನು ಮೂರು ಸಲ ಕರೆದಳಂತೆ, ನನಗೆ ಕೇಳಿಸಲೇ ಇಲ್ಲ. ಜಂಬವ್ವನಿಗೆ ಹೇಳಿದರೆ ಅವಳು ಕೂಗುತ್ತಾಳೆ. ಆದರೆ ನನಗೆ ನೀನು ಕೂಗಬೇಕು. ಸಿಟ್ಟು ಇಳಿದ ದಿನ ಹಿತ್ತಲಿಗೆ ಬಂದು ಈ ಕಡೆ ತಿರುಗಿ ಒಂದು ಸಲ ಕರೆ. ಮೆಲ್ಲಗೆ ಕರೆದರೂ ಸಾಕು.